ಇಳಿಯುವವನ ರೇಟು

ಫೋಟೋ ಬಂದಾಗ ನುಜತ್ ಚಹಾದಲ್ಲಿ ಬಿಸ್ಕತ್ತು ಅದ್ದಿ ಬಾಯಿಯ ತನಕ ತಂದಿದ್ದಳು. ಪರದೆಯ ತುಂಬ ಒಂದು ಚೌಕನೆಯ ಗುಂಡಿ. ಒಳಗೆ ಬೂದು ನೊರೆ, ನೊರೆಯ ಮೇಲೆ ಹೆಪ್ಪುಗಟ್ಟಿದ ಕೊಬ್ಬು. ಕಬ್ಬಿಣದ ಏಣಿಯ ಎರಡು ಮೆಟ್ಟಿಲು ಮಾತ್ರ ಕಾಣುತ್ತಿತ್ತು, ಉಳಿದದ್ದು ಮುಳುಗಿತ್ತು. ಅಂಚಿನ ಸುತ್ತ ಜಿರಳೆಗಳು. ಒಂದು ಮೂಲೆಯಲ್ಲಿ ಫೋಟೋ ತೆಗೆದವನ ಕರಿಯ ಬೂಟಿನ ತುದಿ, ಈಗಷ್ಟೇ ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿತ್ತು. ಬಿಸ್ಕತ್ತು ಮೆತ್ತಗಾಗಿ ಕಪ್ಪಿನೊಳಗೆ ಬಿತ್ತು. ಅವಳು ಅದನ್ನು ಚಮಚದಿಂದ ಎತ್ತಿ ತಿಂದಳು. ಇಂಥ ಫೋಟೋ ನೋಡಿ ತಿನ್ನುವುದು ಬಿಟ್ಟಿದ್ದರೆ ಈ ಐದು ವರ್ಷ ಉಪವಾಸವೇ ಬೀಳಬೇಕಿತ್ತು. ತಿನ್ನುವ ಹೊತ್ತಿಗೇ ಬರುತ್ತವೆ ಹಾಳಾದವು: ಕಟ್ಟಿಕೊಂಡ ಕಮೋಡು, ಉಕ್ಕಿದ ಮೋರಿ, ಯಾರದೋ ಕೂದಲು ಮೆತ್ತಿಕೊಂಡ ಜಾಲರಿ. ಒಮಾನಿನ ಸಲಾಲಾದಲ್ಲಿ ಯಾರ ಮನೆಯ ಹೊಲಸು ಉಕ್ಕಿದರೂ ಆನೆಕೊಂಡದ ಈ ಅಡುಗೆಮನೆಯಲ್ಲಿ ಫೋನು ಕುಂಯ್ಗುಡುತ್ತದೆ, ಆ ಹೊಲಸಿಗೆ ಅವಳು ಬೆಲೆ ಕಟ್ಟಬೇಕು.

"ಯಾರದು, ಹುಜೈಫಾನಾ?" ಎಂದರು ಅತ್ತೆ ದಿಲ್ಷಾದ್ ಬೇಗಂ, ತಸ್ಬೀಹ್ ಮಣಿ ಎಣಿಸುವುದನ್ನು ನಿಲ್ಲಿಸದೆ. "ಏನ್ ಫೋಟೋ ಕಳಿಸ್ಯಾನ? ತೋರ್ಸು."

"ಬಾತ್‌ರೂಮ್ ಟೈಲ್ಸ್, ಅಮ್ಮೀ. ಬಿಳೀವು." ನುಜತ್ ಫೋನನ್ನು ಮಗುಚಿಟ್ಟಳು. ಮಗ ಟೈಲ್ಸ್ ಕೂರಿಸುತ್ತಾನೆ ಎಂದೇ ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಅದಕ್ಕೇ ಹೋಗಿದ್ದು ಕೂಡ. ಅಲ್ಲಿಯ ಒಬ್ಬ ಮನುಷ್ಯನ ಹೆಸರಲ್ಲಿ ವೀಸಾ, ಅವನಿಗೆ ತಿಂಗಳು ತಿಂಗಳು ಕಾಣಿಕೆ, ಕೆಲಸ ಮಾತ್ರ ನೀನೇ ಹುಡುಕಿಕೋ ಎನ್ನುವ ವ್ಯವಸ್ಥೆ. ಟೈಲ್ಸ್ ಕೆಲಸ ಒಂದು ವರ್ಷ ಇತ್ತು, ಆಮೇಲೆ ಇಲ್ಲ. ಹೊಲಸು ಮಾತ್ರ ಯಾವ ಕಾಲಕ್ಕೂ ಇರುತ್ತದೆ. ಗಂಡ ಹುಜೈಫಾಗೆ ಇಂಗ್ಲಿಷ್ ಓದಲು ಬಾರದು, ಚೌಕಾಸಿ ಮಾಡಲು ಅದಕ್ಕಿಂತ ಬಾರದು. ಮೊದಲ ಮೋರಿ ಕೆಲಸಕ್ಕೆ ಎರಡು ರಿಯಾಲ್ ಕೇಳಿದ್ದನಂತೆ, ಮನೆಯವರು ಚಕ್ಕನೆ ಕೊಟ್ಟರಂತೆ, ಖುಷಿಯಿಂದ ಫೋನ್ ಮಾಡಿದ್ದ. "ಚಕ್ಕನೆ ಕೊಟ್ರು ಅಂದ್ರ ನೀವು ಕಮ್ಮಿ ಕೇಳೀರಿ" ಎಂದಿದ್ದಳು ಅವಳು. ಅವತ್ತಿನಿಂದ ಗೋಡೆಗೆ ಅಂಟಿಸುವ ಚೀಟಿಯಲ್ಲಿ ಅವನ ಹೆಸರು, ಅವಳ ನಂಬರು. ಹರಿಹರದಲ್ಲಿ ಅಬ್ಬಾ ಬುಡನ್ ಸಾಬ್ ಕಲಾಯಿ ಅಂಗಡಿಯಲ್ಲಿ ಹೀಗೇ ಮಾಡುತ್ತಿದ್ದರು. ತಂದ ಪಾತ್ರೆಯನ್ನು ನೋಡದೆ, ತಂದವರ ಕಾಲಿನ ಚಪ್ಪಲಿ ನೋಡಿ ರೇಟು ಹೇಳುತ್ತಿದ್ದರು. ನುಜತ್ ಬೂಟಿನ ತುದಿಯನ್ನು ಇನ್ನೊಮ್ಮೆ ನೋಡಿದಳು.

ಬೂಟಿನವನು ಒಬ್ಬ ಹೋಟೆಲ್ ಮ್ಯಾನೇಜರ್, ಬರೆದಿದ್ದ: ಅಡುಗೆಮನೆಯ ಕೊಳಚೆ ಟ್ಯಾಂಕಿನ ಪಂಪು ಕೆಟ್ಟಿದೆ, ತಳದಲ್ಲಿ ಏನೋ ಸಿಕ್ಕಿಕೊಂಡಿದೆ, ಒಬ್ಬ ಮನುಷ್ಯ ಇಳಿದು ತೆಗೆಯಬೇಕು, ಇವತ್ತೇ, ಸಂಜೆ ಪಾರ್ಟಿ ಇದೆ. ಇಳಿಯುವುದು. ಚಳಿಗಾಲದಲ್ಲಿ ಹುಜೈಫಾ ಇರುವ ಬೀದಿಯಲ್ಲೇ ಒಬ್ಬ ಇಂಥದೇ ಟ್ಯಾಂಕಿಗೆ ಇಳಿದಿದ್ದ. ಒಳಗಿನ ಗಾಳಿ ಎರಡು ಉಸಿರಿಗೆ ಅವನನ್ನು ಮುಗಿಸಿತ್ತು. ಹುಜೈಫಾ ಅದನ್ನು ಹೇಳುವಾಗ ನಡುವೆ ನಿಲ್ಲಿಸಿ ನೀರು ಕುಡಿದದ್ದು ಅವಳಿಗೆ ಫೋನಿನಲ್ಲಿ ಗುಟಕ್ ಗುಟಕ್ ಎಂದು ಕೇಳಿಸಿತ್ತು. "ಇಳಿಯೋ ಕೆಲ್ಸ ನಮಗ ಬ್ಯಾಡ್ರಿ" ಎಂದು ಅವಳೇ ಕಾನೂನು ಮಾಡಿದ್ದಳು. ಇಲ್ಲ ಎಂದು ಒಂದು ಪದ ಬರೆದರೆ ಆಗಿತ್ತು. ಆದರೆ ಈ ತಿಂಗಳು ಕೆಲಸವೇ ಇರಲಿಲ್ಲ, ವೀಸಾದವನ ಕಾಣಿಕೆ ಬಾಕಿ ಇತ್ತು. ಅರವತ್ತು ರಿಯಾಲ್ ಎಂದು ಬರೆದಳು. ಅಷ್ಟು ಕೇಳಿದರೆ ಮ್ಯಾನೇಜರನೇ ಬೇಡ ಎನ್ನುತ್ತಾನೆ, ತಾನು ಬೇಡ ಅಂದ ಹಾಗೇ ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಸುಳ್ಳು. ಒಳಗೊಳಗೆ ಅರವತ್ತನ್ನು ರೂಪಾಯಿ ಮಾಡಿ ನೋಡಿ ಆಗಿತ್ತು.

ತವರಿಗೆ ಹೊರಡಲು ಬುರ್ಖಾ ಹಾಕಿಕೊಳ್ಳುವಾಗ ಗುಲ್ನಾಜ್ ಫೋನ್ ಬಂತು. ತಮ್ಮ ಅಸದನ ಹೆಂಡತಿ, ಹರಿಹರದಲ್ಲಿ ನುಜತ್‌ಳ ತವರುಮನೆಯಲ್ಲಿ ಅಮ್ಮಿಯ ಜೊತೆ ಇರುವವಳು. ಅಸದ್ ಸಲಾಲಾಗೆ ಹೋಗಿ ವರ್ಷವೂ ಆಗಿಲ್ಲ. ಅವನೂ ನಲ್ಲಿ, ಪೈಪು ಎಂದು ಸ್ವಂತಕ್ಕೆ ತಿರುಗುತ್ತಾನೆ, ಅವನ ಗಿರಾಕಿಗಳ ಫೋನು ಗುಲ್ನಾಜಳ ಹತ್ತಿರ ಬರುತ್ತದೆ. ನುಜತ್‌ಳನ್ನು ನೋಡಿ ಈ ಪದ್ಧತಿಯನ್ನು ಐದಾರು ಮನೆಯ ಹೆಂಗಸರು ಹಿಡಿದಿದ್ದರು, ಆದರೆ ರೇಟು ಕೇಳುವುದು ಮಾತ್ರ ಇವಳನ್ನೇ. ಕುಕ್ಕುವಾಡದ ಭರಮಣ್ಣನ ಹೆಂಡತಿ ಪ್ರೇಮಲತಾ ಕೂಡ ವೆಲ್ಡಿಂಗ್ ಕೆಲಸಕ್ಕೆ ಎಷ್ಟು ಹೇಳಲಿ ಅಕ್ಕಾ ಎಂದು ಫೋನ್ ಮಾಡುತ್ತಿದ್ದಳು. ಒಂದೇ ನಿಯಮ, ಅದೂ ನುಜತ್ ಮಾಡಿದ್ದೇ: ಗಿರಾಕಿ ಯಾರು, ಎಲ್ಲಿಯವನು ಎಂದು ಕೇಳಬಾರದು, ಹೇಳಬಾರದು. ಹೇಳಿದರೆ ಒಬ್ಬರ ಗಿರಾಕಿಯನ್ನು ಒಬ್ಬರು ಎಳೆದುಕೊಳ್ಳುತ್ತಾರೆ, ಹೆಂಗಸರು ಜಡೆ ಹಿಡಿದುಕೊಳ್ಳುತ್ತಾರೆ. ಕೆಲಸ ಯಾವುದು ಎಂದಷ್ಟೇ ಹೇಳು, ರೇಟು ತಗೊಂಡು ಹೋಗು.

"ಆಪಾ, ಗಟಾರದ್ದೊಂದು ಬಂದೈತಿ. ದೊಡ್ಡದಂತ, ಇವತ್ತ ಆಗಬೇಕಂತ. ಎಷ್ಟು ಹೇಳ್ಲಿ?"

ಗುಲ್ನಾಜ್‌ಗೆ ಸಿಂಕಿನ ಪೈಪಿನಿಂದ ಹಿಡಿದು ಎಲ್ಲವೂ ಗಟಾರವೇ. "ದೊಡ್ಡದು ಅಂದ್ರ ಐವತ್ತು ಹೇಳು. ಅರ್ಜೆಂಟ್ ಇದ್ದೋರು ಕೊಡ್ತಾರ" ಎಂದಳು ನುಜತ್. "ನಾನ ಹೊಂಟೀನಿ, ಮನೀಗೆ ಬರ್ತೀನಿ, ಅಮ್ಮಿಗೆ ಹೇಳು."

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮಂಡಕ್ಕಿ ಭಟ್ಟಿಗಳ ಹೊಗೆ ಬಟ್ಟೆಗೆ ಹತ್ತಿಕೊಂಡು ಅವಳ ಜೊತೆಗೇ ಬಸ್ಸು ಹತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಎಲೆಅಡಿಕೆ ಅಗಿದು ಅಗಿದು ಕಿಟಕಿಯತ್ತ ಬಾಗುತ್ತಿದ್ದಳು, ಪ್ರತಿಸಲವೂ ಉಗುಳು ಇನ್ನೇನು ತನ್ನ ಮೇಲೇ ಎಂದು ನುಜತ್ ಮೈ ಬಿಗಿಹಿಡಿಯುತ್ತಿದ್ದಳು. ಯಾರ ಮೈಯಿಂದ ಬಂದದ್ದನ್ನೂ ಅವಳು ಈಚೆಗೆ ಸಹಿಸಲಾರಳು. ಬೆವರು, ಎಂಜಲು, ತನ್ನದೇ ತಲೆಯ ಕೂದಲು ಬಚ್ಚಲಲ್ಲಿ ಸುತ್ತಿಕೊಂಡರೂ ಓಕರಿಕೆ. ಮೊದಲು ಹೀಗಿರಲಿಲ್ಲ. ಒಂದು ಮನೆಯ ಮೋರಿಯನ್ನು ನೋಡಿದರೆ ಅವರು ಏನು ತಿನ್ನುತ್ತಾರೆ, ಮನೆಯಲ್ಲಿ ಎಷ್ಟು ಜನ, ಕೂಸಿದೆಯೋ ಇಲ್ಲವೋ ಎಲ್ಲ ಈಗ ಅವಳಿಗೆ ತಿಳಿಯುತ್ತದೆ. ಮದುವೆಯಲ್ಲಿ ಎದುರು ಕೂತು ಬಿರಿಯಾನಿ ತಿನ್ನುವವರನ್ನು ನೋಡಿದರೆ ಅವರ ಮನೆಯ ಜಾಲರಿ ಕಣ್ಣಿಗೆ ಬರುತ್ತದೆ. ಹುಜೈಫಾ ಎಂದೂ ಹೇಸಿಕೆ ಎಂದವನಲ್ಲ. ಅವನ ಕೈ ಆ ಹೊಲಸಿನಲ್ಲಿ ಇರುತ್ತದೆ, ಅವನು ಹಾಡಿಕೊಂಡು ಕೈ ತೊಳೆದುಕೊಂಡು ರೊಟ್ಟಿ ತಿನ್ನುತ್ತಾನೆ. ಬರೀ ನೋಡುವ ಇವಳಿಗೆ ಹೇಸಿಕೆ. ಇದು ಎಂಥ ಅನ್ಯಾಯ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಫೋನು ಕುಂಯ್ಗುಟ್ಟಿತು. ಬೂಟಿನವನು. 'ಬೇರೊಬ್ಬ ಐವತ್ತಕ್ಕೆ ತಯಾರಿದ್ದಾನೆ.' ನುಜತ್ ನಲವತ್ತೈದು ಎಂದು ಒತ್ತಿದಳು. ಒತ್ತಿದ ಮೇಲೆ ತಾನು ಯಾಕೆ ಒತ್ತಿದೆ ಎಂದು ಆಶ್ಚರ್ಯವಾಯಿತು. ಬೇಡವಾದ ಕೆಲಸ, ಐವತ್ತಕ್ಕೆ ಇನ್ನೊಬ್ಬ ಇಳಿದರೆ ಇಳಿಯಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಬೆರಳಿಗೆ ಅಭ್ಯಾಸ. ಯಾರೋ ಕಮ್ಮಿ ಅಂದರು ಎನ್ನುವುದನ್ನು ಕೇಳಿದರೆ ಅವಳಿಗೆ ಸುಮ್ಮನಿರಲಾಗದು. ದೊಡ್ಡಬಾತಿ ದಾಟುವಾಗ ಗುಲ್ನಾಜ್ ಮತ್ತೆ: "ಆಪಾ, ಐವತ್ತಕ್ಕ ಒಪ್ಪವಲ್ರು. ಯಾರೋ ನಲವತ್ತೈದು ಅಂದಾರಂತ." ನುಜತ್‌ಗೆ ರೇಗಿತು. "ನಲವತ್ತು ಅನ್ನು. ಇವರಿಗೆಲ್ಲ ಒಬ್ಬರಿಗೊಬ್ರನ್ನ ತೋರ್ಸಿ ಇಳಿಸೋದೇ ಕಸುಬು" ಎಂದಳು. ಫೋನಿಡುವಷ್ಟರಲ್ಲಿ ಬೂಟಿನವನು: 'ಇನ್ನೊಬ್ಬ ನಲವತ್ತು.' ಯಾವಳು ಇವಳು ಎಂದು ನುಜತ್ ಹಲ್ಲು ಕಡಿದಳು. ಅತ್ತ ಕಡೆಯೂ ಒಬ್ಬ ಹೆಂಗಸೇ ಇರಬೇಕು, ಗಂಡಸಾದರೆ ಇಷ್ಟು ಬೇಗ ಇಳಿಯುವುದಿಲ್ಲ, ಅವನಿಗೆ ಮಾನ ಮರ್ಯಾದೆ ಅಡ್ಡ ಬರುತ್ತದೆ. ಕೇರಳದವಳೋ, ಬಾಂಗ್ಲಾದವಳೋ, ಎಲ್ಲೋ ಅಡುಗೆಮನೆಯಲ್ಲಿ ಕೂತು ಗಂಡನ ಜೀವವನ್ನು ಐದೈದು ರಿಯಾಲಿಗೆ ಇಳಿಸುತ್ತಿರುವ ನಾಚಿಕೆಗೆಟ್ಟವಳು. ಅವಳ ಮೇಲಿನ ಹೇಸಿಕೆಗೆ ನುಜತ್ ಮೂವತ್ತೈದು ಎಂದು ಬರೆದಳು. ಆ ಹೊತ್ತಿಗೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲವೋ, ಗೊತ್ತು ಮಾಡಿಕೊಳ್ಳಲಿಲ್ಲವೋ, ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತುವಾಗ ಅವಳು ಗೆದ್ದವಳ ಹಾಗೆ ಇದ್ದಳು.

ತವರುಮನೆಯ ಅಂಗಳದಲ್ಲಿ ಹೊಳೆಮೀನಿನ ವಾಸನೆ. ಮಗಳು ಬರುತ್ತಾಳೆಂದು ಅಮ್ಮಿ ಖತೀಜಾಬೀ ತರಿಸಿದ್ದರು. ಗುಲ್ನಾಜ್ ಬೂದಿ ಹಚ್ಚಿಕೊಂಡು ಮೀನು ಉಜ್ಜುತ್ತ ಕೂತಿದ್ದಳು, ಮೊಣಕೈತನಕ ಹುರುಪೆ ಅಂಟಿ ಮಿಂಚುತ್ತಿತ್ತು. ಒಳಗೆ ತೊಟ್ಟಿಲಲ್ಲಿ ಅಸದನ ಮಗು ಮಲಗಿತ್ತು. ಅಮ್ಮಿ ನುಜತ್‌ಳ ಗಲ್ಲ ಸವರಿ, ಬಿಸಿಲಿಗೆ ಕರ್ರಗಾಗೀಯಲ್ಲ ಎಂದು, ತೊಟ್ಟಿಲ ಹಗ್ಗವನ್ನು ಅವಳ ಕೈಗೆ ಕೊಟ್ಟರು. ಯಾವ ಸಲ ಬಂದರೂ ಈ ಹಗ್ಗವನ್ನು ಅಮ್ಮಿ ಅವಳ ಕೈಗೆ ಕೊಡುತ್ತಾರೆ. ತೂಗಿದರೆ ನಿನಗೂ ಆದೀತು ಎಂದು ಮೊದಲೆಲ್ಲ ಹೇಳುತ್ತಿದ್ದರು, ಈಗ ಹೇಳುವುದನ್ನು ಬಿಟ್ಟು ಬರೀ ಕೊಡುತ್ತಾರೆ. ನುಜತ್ ಎರಡು ಸಲ ತೂಗಿ ಬಿಟ್ಟಳು. ಮಗು ಕಕ್ಕಿದ ಹಾಲಿನ ಹುಳಿ ವಾಸನೆ ಬಂದು ಅವಳು ಅಂಗಳಕ್ಕೇ ಬಂದು ನಿಂತಳು.

"ಆಪಾ, ಫೋನ್ ಬಡ್ಕೊಳ್ಳಾಕತ್ತೈತಿ ನೋಡ್ರಿ" ಎಂದಳು ಗುಲ್ನಾಜ್. "ನನ್ನ ಕೈ ಹೊಲ್ಸು. ನೀವ ತಗೊಂಡು ಏನಂತಾರ ನೋಡಿ ಜವಾಬು ಕೊಡ್ರಿ. ಆ ನಲವತ್ತರದ್ದ ಇರಬೇಕು."

ಕಟ್ಟೆಯ ಮೇಲಿದ್ದ ಫೋನನ್ನು ನುಜತ್ ತೆಗೆದುಕೊಂಡಳು. ಚೌಕನೆಯ ಗುಂಡಿ. ಬೂದು ನೊರೆ. ಏಣಿಯ ಎರಡು ಮೆಟ್ಟಿಲು. ಬೂಟಿನ ತುದಿ. ಫೋಟೋದ ಕೆಳಗೆ ಗುಲ್ನಾಜ್ ಒತ್ತಿದ ಐವತ್ತು, ನಲವತ್ತು, ಅದರ ಕೆಳಗೆ ಮ್ಯಾನೇಜರನ ಹೊಸ ಮಾತು: 'ಇನ್ನೊಬ್ಬ ಮೂವತ್ತೈದು ಅಂದಿದ್ದಾನೆ. ನಿಮ್ಮದು?'

ಕೇರಳದವಳೂ ಇಲ್ಲ, ಬಾಂಗ್ಲಾದವಳೂ ಇಲ್ಲ. ಆನೆಕೊಂಡದಿಂದ ದೊಡ್ಡಬಾತಿಯ ತನಕ ಅವಳು ತನ್ನನ್ನೇ ಹಿಂದೆ ಹಾಕುತ್ತ ಬಂದಿದ್ದಳು. ಒಂದು ಬಾಯಲ್ಲಿ ಗಂಡನನ್ನು ಇಳಿಸಿ, ಇನ್ನೊಂದು ಬಾಯಲ್ಲಿ ತಮ್ಮನನ್ನು ಇಳಿಸಿ. ಅವಳಿಗೆ ನಗು ಬಂದಂತಾಯಿತು. ಮೀನಿನ ಕರುಳನ್ನು ಗುಲ್ನಾಜ್ ಎಳೆದು ಬೆಕ್ಕಿನ ಕಡೆ ಎಸೆದಳು. ಎರಡೂ ಫೋನಿನಲ್ಲಿ ಬೇಡ ಎಂದು ಬರೆದರೆ ಮುಗಿಯಿತು, ನಿನ್ನ ಗುಂಡಿಗೆ ನೀನೇ ಇಳಿ ಎಂದು ಬರೆದರೆ ಮುಗಿಯಿತು. ಇಲ್ಲವೇ ಇಬ್ಬರೂ ನಮ್ಮವರೇ, ಎಂಬತ್ತು ಕೊಟ್ಟರೆ ಬರುತ್ತಾರೆ ಎಂದು ಅವನ ಮುಖಕ್ಕೆ ಹೊಡೆದ ಹಾಗೆ ಹೇಳಬಹುದಿತ್ತು. ಇಷ್ಟೆಲ್ಲ ಅವಳಿಗೆ ಹೊಳೆಯಿತು. ಹೊಳೆದ ಮೇಲೂ ಅವಳು ಮಾಡಲಿಲ್ಲ ಎನ್ನುವುದನ್ನು ಆಮೇಲೆ ಯಾವ ದೇವರೆದುರೂ ಮುಚ್ಚಿಡುವಂತಿರಲಿಲ್ಲ. 'ಇದು ಗಟಾರ ಅಲ್ಲ, ಟ್ಯಾಂಕು' ಎಂದು ಗುಲ್ನಾಜ್‌ಗೆ ಹೇಳಲು ಬಾಯಿ ತೆರೆದಳು ಕೂಡ.

"ಏನಂದ್ರು ಆಪಾ?" ಗುಲ್ನಾಜ್ ತಲೆ ಎತ್ತಿದಳು. "ಹೆಂಗಾರ ಮಾಡಿ ಇದು ನಮಗ ಸಿಗ್ಲಿ. ಎರಡು ತಿಂಗಳಾತು, ಅವ್ರು ರೂಮಿನಾಗ ಸುಮ್ನ ಮಕ್ಕೊಂಡಾರ. ಕೆಲ್ಸಿಲ್ಲ ಅಂತ ನನ್ನ ಕೂಡ ಮಾತಾಡದೂ ಬಿಟ್ಟಾರ. ನೀವ ಏನ್ ಹೇಳಿದ್ರೂ ಸರಿ."

ನೀವ ಏನ್ ಹೇಳಿದ್ರೂ ಸರಿ. ನುಜತ್ ಕಟ್ಟೆಯ ಮೇಲೆ ಮಡಚಿಟ್ಟ ಬುರ್ಖಾದ ಕೆಳಗೆ ತನ್ನ ಫೋನನ್ನು ಮುಟ್ಟಿ ನೋಡಿಕೊಂಡಳು. ಅಸದನನ್ನು ಅವಳೇ ಎತ್ತಿ ಬೆಳೆಸಿದ್ದು. ತುಂಗಭದ್ರೆಯ ಮೆಟ್ಟಿಲಿನಲ್ಲಿ ಅಮ್ಮಿ ಬಟ್ಟೆ ಒಗೆಯುವಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿರುತ್ತಿದ್ದಳು, ಅವನ ಉಚ್ಚೆ ಲಂಗದ ಮೇಲೆ ಬಿಸಿಯಾಗಿ ಇಳಿದು ತಣ್ಣಗಾಗುವ ತನಕ ನಿಂತಿರುತ್ತಿದ್ದಳು, ಆಗ ಹೇಸಿಕೆ ಎನಿಸಿರಲಿಲ್ಲ. ಅವನು ಎಲ್ಲದಕ್ಕೂ ಹೆದರುವ ಹುಡುಗ. ಕತ್ತಲಿಗೆ, ನಾಯಿಗೆ, ಆಳ ನೀರಿಗೆ. ಹುಜೈಫಾ ಯಾವುದಕ್ಕೂ ಹೆದರುವವನಲ್ಲ, ಅದಕ್ಕೇ ಇಂಥವರು ಸಾಯುವುದು. ಅವನು ಹೋದರೆ, ಎಂದು ಅವಳು ಯೋಚಿಸಿದಳು, ಬಿಸಿಲಲ್ಲಿ ನಿಂತು ಅಂಗಡಿಯವಳ ಹಾಗೆ ಯೋಚಿಸಿದಳು: ಹುಜೈಫಾ ಹೋದರೆ ತಾನು ಆ ಅಡುಗೆಮನೆಯಲ್ಲಿ, ತಸ್ಬೀಹ್ ಎಣಿಸುವ ಆ ಮುದುಕಿಯ ಎದುರು, ಮಕ್ಕಳಿಲ್ಲದ ವಿಧವೆಯಾಗಿ ಬದುಕೆಲ್ಲ ಕೂರಬೇಕು. ಅಸದ್ ಹೋದರೆ ಇಲ್ಲಿಗೆ ಬಂದು ಅಮ್ಮಿಯ ಕೊರಳು ತಬ್ಬಿ ಅಳಬಹುದು, ಅತ್ತು ಬಸ್ಸು ಹತ್ತಬಹುದು. ಇದು ಪ್ರೀತಿಯ ಮಾತಲ್ಲ. ಇದು ಏನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ಎಂದು ಬರೆದರೆ ಮ್ಯಾನೇಜರ್ ಮತ್ತೆ ತನ್ನ ಕಡೆ ಬರುತ್ತಾನೆ, ಮತ್ತೆ ತಾನು ಇದನ್ನೆಲ್ಲ ಯೋಚಿಸಬೇಕಾಗುತ್ತದೆ. ಒಂದೇ ಏಟಿಗೆ ಮುಗಿಯಬೇಕು. ಗುಲ್ನಾಜಳ ಫೋನಿನಲ್ಲಿ ಇಪ್ಪತ್ತೆರಡು ಎಂದು ಒತ್ತಿದಳು.

ಉತ್ತರ ಕೂಡಲೇ ಬಂತು: 'ಓಕೆ. ಈಗಲೇ ಕಳಿಸಿ.' ಬುರ್ಖಾದ ಕೆಳಗೆ ಅವಳ ಫೋನು ನಡುಗಿತು: 'ಮೇಡಂ, ನಿಮ್ಮದು ಇದೇ ಕೊನೆಯಾ?' ನಮ್ಮದು ಮೂವತ್ತೈದು, ಅದಕ್ಕಿಂತ ಕೆಳಗೆ ನಮ್ಮವರು ಇಳಿಯುವುದಿಲ್ಲ ಎಂದು ಅವಳು ಉದ್ದಕ್ಕೆ ಬರೆದಳು. ಹಾಗೆ ಬರೆಯುವಾಗ ಅವಳಿಗೆ ಒಂದು ಥರದ ಸಮಾಧಾನವೂ ಆಯಿತು, ತಾನು ಹೆಂಡತಿಯ ಕೆಲಸವನ್ನು ಸರಿಯಾಗಿ ಮಾಡಿದೆ ಎಂಬ ಹಾಗೆ. ಆ ಸಮಾಧಾನವೇ ಎಲ್ಲಕ್ಕಿಂತ ಅಸಹ್ಯ.

"ಆತು" ಎಂದಳು ನುಜತ್. "ನಿಮಗ ಸಿಕ್ತು. ಇಪ್ಪತ್ತೆರಡು."

"ನಲವತ್ತರಿಂದ ಇಪ್ಪತ್ತೆರಡಾ?" ಗುಲ್ನಾಜ್ ಮುಖ ಒಂದು ಗಳಿಗೆ ಸಣ್ಣದಾಗಿ ಮತ್ತೆ ಅರಳಿತು. "ಇರ್ಲಿ ಬಿಡ್ರಿ, ಸಿಕ್ತಲ್ಲ! ಅವ್ರಿಗೆ ವಾಯ್ಸ್ ಹಾಕಿಬಿಡ್ರಿ ಆಪಾ, ಎಲ್ಲಿ ಏನು ಅಂತ. ನನ್ನ ಕೈ ನೋಡ್ರಿ ಹೆಂಗೈತಿ."

ಅದನ್ನೂ ಅವಳೇ ಮಾಡಬೇಕಾಯಿತು. ಹೋಟೆಲಿನ ಹೆಸರು, ಇವತ್ತೇ, ಇಳಿಯೋ ಕೆಲಸ ಐತಿ, ಹಗ್ಗ ಹಿಡಿಯಾಕ ಯಾರನ್ನಾರ ಕರ್ಕೊಂಡು ಹೋಗು, ಹುಷಾರು. ತನ್ನ ದನಿ ಎಂದಿನಂತೆಯೇ ಇತ್ತು. ಹುಷಾರು ಎಂದದ್ದು ಕೂಡ ಎಂದಿನಂತೆ ಕೇಳಿಸಿತು. ಗುಲ್ನಾಜ್ ಕೈ ತೊಳೆದು ಬಂದವಳೇ ನುಜತ್‌ಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ. ನುಜತ್ ಕೈ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ಅದರಷ್ಟು ಪ್ರಾಮಾಣಿಕವಾದದ್ದು ಆ ದಿನ ಬೇರೇನೂ ಇರುತ್ತಿರಲಿಲ್ಲ.

ಊಟಕ್ಕೆ ಕೂತಾಗ ಅಮ್ಮಿ ಮೀನಿನ ನಡುತುಂಡನ್ನು ಹುಡುಕಿ ಹುಡುಕಿ ಅವಳ ತಟ್ಟೆಗೆ ಹಾಕಿದರು. "ನೀ ಇರೋದಕ್ಕ ಈ ಮನೀ ನಡದೈತಿ" ಎಂದರು. "ನಿನ್ ತಮ್ಮಗ ಏನ್ ತಿಳೀತೈತಿ, ಈ ಹುಡುಗಿಗೆ ಏನ್ ತಿಳೀತೈತಿ." ಗುಲ್ನಾಜ್ ನಗುತ್ತ ತಲೆಯಾಡಿಸಿದಳು. ಈ ದುಡ್ಡು ಬಂದರೆ ಕೂಸಿನ ಕಿವಿ ಚುಚ್ಚಿಸಬೇಕು, ಫ್ಯಾನ್ ರಿಪೇರಿ ಮಾಡಿಸಬೇಕು ಎಂದೆಲ್ಲ ಹೇಳುತ್ತಿದ್ದಳು. ನುಜತ್ ಮುಳ್ಳು ಬಿಡಿಸುವ ನೆಪದಲ್ಲಿ ತುತ್ತನ್ನು ತಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಈಗ ಅವನು ಹೊರಟಿರಬೇಕು. ಈಗ ಮುಚ್ಚಳ ತೆಗೆದಿರಬೇಕು. ಈಗ ಬೂಟಿನವನು ಎರಡು ಹೆಜ್ಜೆ ಹಿಂದೆ ಸರಿದು ಮೂಗಿಗೆ ಕರವಸ್ತ್ರ ಹಿಡಿದಿರಬೇಕು. ಫೋನ್ ಮಾಡಿ ಹೋಗಬೇಡ ಅನ್ನಲು ಈಗಲೂ ಹೊತ್ತಿದೆ, ಬಚ್ಚಲಿಗೆ ಹೋಗುವ ನೆಪ ಮಾಡಿ ಒಂದು ಫೋನ್. ಆದರೆ ಹೋಗಬೇಡ ಅಂದರೆ ಯಾಕೆ ಎಂದು ಕೇಳುತ್ತಾನೆ, ಯಾಕೆ ಎಂಬುದರ ಹಿಂದೆ ಎರಡು ಫೋನೂ ಹೊರಗೆ ಬರುತ್ತವೆ. ಅವಮಾನವೋ ತಮ್ಮನ ಜೀವವೋ ಎಂದು ಕೇಳಿಕೊಂಡರೆ ಜೀವ ಎನ್ನಲು ಯಾರಿಗೂ ಎರಡು ಗಳಿಗೆ ಬೇಡ. ಅವಳಿಗೆ ಊಟ ಮುಗಿಯುವಷ್ಟು ಹೊತ್ತು ಬೇಕಾಯಿತು, ಆಗಲೂ ಎದ್ದು ಹೋಗಲಿಲ್ಲ. ತುತ್ತು ಬಾಯಿಗಿಟ್ಟುಕೊಂಡಳು. ರುಚಿಯಾಗಿತ್ತು, ಅದೂ ಒಂದು ನಾಚಿಕೆಗೇಡು.

ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆದ ಮೇಲೆ ಗುಲ್ನಾಜಳ ಫೋನು ಹಾಡಿತು. ವಿಡಿಯೋ. ಅಸದನ ಮುಖ ಪರದೆ ತುಂಬಿತು. ಅಂಗಿ ಒದ್ದೆಯಾಗಿರಲಿಲ್ಲ, ಇಸ್ತ್ರಿಯ ಮಡಿಕೆ ಹಾಗೇ ಇತ್ತು. ನುಜತ್ ಗೋಡೆಗೆ ಒರಗಿದಳು. ಇಳಿದಿಲ್ಲ. ಕೆಲಸ ಆಗಿಲ್ಲ. ಇಲ್ಲವೇ ಬೇರೆ ಯಾರೋ ಇಳಿದಿದ್ದಾರೆ.

"ಆತಾ ಕೆಲ್ಸ?" ಎಂದಳು ಗುಲ್ನಾಜ್.

"ಆತು." ಅಸದ್ ಹಿಂದೆ ತಿರುಗಿ ನೋಡಿದ. "ನಾನ್ ಇಳೀಲಿಲ್ಲ. ಭಾಯ್ ಇಳಿದ್ರು."

"ಯಾವ್ ಭಾಯ್?" ಎಂದರು ಅಮ್ಮಿ, ಮುಂದೆ ಬಾಗಿ.

"ಹುಜೈಫಾ ಭಾಯ್, ಅಮ್ಮೀ. ಹಗ್ಗ ಹಿಡಿಯಾಕ ಅಂತ ನಾನ ಕರ್ದಿದ್ದೆ. ನನಗ ಆ ಮುಚ್ಚಳ ತೆಗೀತಿದ್ದಂಗ ಕಾಲು ನಡುಗಾಕ ಹತ್ತಿದ್ವು. ಅವ್ರು ನನ್ನ ಕೈಗೆ ಹಗ್ಗ ಕೊಟ್ಟು, ನೀ ಮ್ಯಾಲ ಇರೋ, ನಿಂಗ ಕೂಸೈತಿ, ನಂಗ್ಯಾರದಾರ ಅಂದು ಇಳದಬಿಟ್ರು. ಒಳಗ ಹೋದಮ್ಯಾಲ ಒಮ್ಮೆ ಹಗ್ಗ ಸಡ್ಲಾತು ನೋಡು, ಒದರಿದ್ರೂ ಮಾತಿಲ್ಲ. ನಾನು, ಅಡುಗಿಯವ್ರು ಇಬ್ರು, ಎಲ್ಲಾರೂ ಸೇರಿ ಎಳದ್ವಿ. ಈಗ ಆರಾಮದಾರ. ಆಪಾ ಅದಾಳೇನಲ್ಲಿ? ತೋರಸ್ತೀನಿ ತಡಿ."

ನಂಗ್ಯಾರದಾರ. ಫೋನು ಗುಲ್ನಾಜಳ ಕೈಯಿಂದ ನುಜತ್‌ಳ ಕೈಗೆ ಬಂದಿತ್ತು. ಪರದೆಯಲ್ಲಿ ಹೋಟೆಲಿನ ಹಿತ್ತಲ ಗೋಡೆ ಹಾದುಹೋಗಿ, ನೀರಿನ ಪೈಪು, ಪೈಪಿನ ಕೆಳಗೆ ಕೂತ ಒಬ್ಬ ಮನುಷ್ಯ. ಕೊರಳಿನ ತನಕ ಬೂದು ಬಣ್ಣ, ಗಡ್ಡದಲ್ಲಿ ಕೊಬ್ಬಿನ ಗಂಟು, ಕಣ್ಣು ಕೆಂಡದಷ್ಟು ಕೆಂಪು. ಕೆಮ್ಮುತ್ತಿದ್ದ. ಕೆಮ್ಮು ನಿಂತ ಮೇಲೆ ನಕ್ಕ. ಹಲ್ಲು ಮಾತ್ರ ಅವನವು ಎಂದು ಗುರುತು ಸಿಕ್ಕಿತು.

"ಎಲಾ ಇವ್ಳ, ತವರಿಗೆ ಹೋಗೀಯಾ? ಅಮ್ಮಿಗೆ ಸಲಾಂ ಹೇಳು" ಎಂದ ಹುಜೈಫಾ. "ಏನಿಲ್ಲ, ಸ್ವಲ್ಪ ತಲಿ ತಿರುಗಿತ್ತು. ಒಂದು ಮಜಾ ಕೇಳು. ಆ ಮ್ಯಾನೇಜರ್ ನನ್ನ ಹೆಸರು ಕೇಳಿ, ಓ ನೀನಾ, ನಿಮ್ಮ ಮೇಡಂ ಬಾಳ ಗಟ್ಟಿ, ಮೂವತ್ತೈದರ ಕೆಳಗ ಬರಲೇ ಇಲ್ಲ ಅಂತಾನ. ನಾನಂದೆ, ನನ್ನ ಹೆಂಡ್ತಿ ನನ್ನ ರೇಟು ಇಳಿಸಾಕಿ ಅಲ್ಲ ಅಂತ. ಎಲ್ಲಾರ ಮುಂದ ಅಂದೆ. ಅಸದ್‌ಗೆ ಮಾತ್ರ ಯಾಕ ಇಪ್ಪತ್ತೆರಡು ಹೇಳೀಯ? ಪಾಪ, ಅವ್ನೂ ನಮ್ಮವ್ನ ಅಲ್ಲೇನು?" ಹೆಮ್ಮೆಯಿಂದ ಮತ್ತೆ ನಕ್ಕು ಕೆಮ್ಮಿದ, ಪೈಪಿನ ಕೆಳಗೆ ತಲೆ ಕೊಟ್ಟ, ಅಷ್ಟರಲ್ಲಿ ಲೈನು ಕಡಿಯಿತು.

ತೊಟ್ಟಿಲು ತನ್ನಷ್ಟಕ್ಕೆ ಸ್ವಲ್ಪ ತೂಗುತ್ತಿತ್ತು. ಕಪ್ಪಾದ ಪರದೆಯನ್ನು ಹಿಡಿದುಕೊಂಡು ನುಜತ್ ಕೂತೇ ಇದ್ದಳು.

"ಮೂವತ್ತೈದು ಯಾರದು?" ಎಂದರು ಅಮ್ಮಿ ನಿಧಾನವಾಗಿ. "ಆ ಗುಂಡಿಗೆ ಎರಡೂ ರೇಟು ನೀನ ಹೇಳಿದ್ದಾ?" ಅವರಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ, ತಿಳಿಯುತ್ತ ಬರುತ್ತಿತ್ತು, ತಿಳಿಯದಿರಲಿ ಎಂದು ಮಗಳ ಬಾಯನ್ನೇ ನೋಡುತ್ತಿದ್ದರು. ಗುಲ್ನಾಜ್‌ಗೆ ಯಾವಾಗಲೋ ತಿಳಿದಿತ್ತು. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಕೂಗಾಡಿದ್ದರೆ ನುಜತ್‌ಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಗುಲ್ನಾಜ್ ಎದ್ದು ಬಂದು ತನ್ನ ಫೋನನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡಳು, ಕುಪ್ಪಸದ ತೋಳಿಗೆ ಒರೆಸಿದಳು.

"ಮುಂದಿಂದ ನಮ್ಮ ಮನೀ ರೇಟು ನಾನ ಹೇಳ್ಕೋತೀನ್ರಿ, ಆಪಾ" ಎಂದಳು.

ನುಜತ್ ಬಾಯಿ ತೆರೆದಳು. ತಪ್ಪಾಯಿತು ಎನ್ನಬೇಕಿತ್ತು. ನನ್ನನ್ನು ಹೊಡಿ ಎನ್ನಬೇಕಿತ್ತು, ನಿನ್ನ ಗಂಡನ ಬದಲು ನನ್ನ ಗಂಡ ಅದೇ ಇಪ್ಪತ್ತೆರಡಕ್ಕೆ ಇಳಿದನಲ್ಲ ಎಂದು ನೆಲಕ್ಕೆ ತಲೆ ಚಚ್ಚಿಕೊಳ್ಳಬೇಕಿತ್ತು. ಎದೆಯಲ್ಲಿ ಅದೆಲ್ಲ ಇತ್ತು ಕೂಡ. ಆದರೆ ಬಾಯಿಯಿಂದ ಬಂದದ್ದು ಬೇರೆ, ಬರುತ್ತಿರುವಾಗಲೇ ಅದರ ನಾತ ಅವಳಿಗೆ ಹೊಡೆಯಿತು.

"ಆ ಮ್ಯಾನೇಜರ್ ಮತ್ತ ಕರದ್ರ ಇಪ್ಪತ್ತೆರಡಕ್ಕಿಂತ ಕೆಳಗ ಹೋಗಬ್ಯಾಡ" ಎಂದಳು. "ಅವನು ಅದನ್ನ ನೆಪ್ಪಿಟ್ಟಿರ್ತಾನ."